ತಳದಿಂದ ತೆಗೆದ ಗಿಟಾರು

ಗಿಟಾರಿನ ಕುತ್ತಿಗೆಯ ಅಗಲವನ್ನು ಅಳೆಯುವುದು ಒಂದೇ ಜಾಗದಲ್ಲಿ. ಕುತ್ತಿಗೆ ಮುಗಿದು ತಲೆಭಾಗ ಶುರುವಾಗುವಲ್ಲಿ ಬೆರಳಿಗಿಂತ ಸಣ್ಣದೊಂದು ಬಿಳಿ ಪಟ್ಟಿ ಇರುತ್ತದೆ. ಅದಕ್ಕೆ ನಟ್ ಎನ್ನುತ್ತಾರೆ. ಅದರಲ್ಲಿ ಆರು ಕಚ್ಚುಗಳು, ಕಚ್ಚಿಗೊಂದರಂತೆ ಆರು ತಂತಿಗಳು. ಕ್ಯಾಲಿಪರಿನ ಎರಡು ದವಡೆಗಳನ್ನು ಆ ಪಟ್ಟಿಯ ಎರಡು ತುದಿಗೆ ತಾಗಿಸಿದರೆ ಅಳತೆ ಸಿಕ್ಕಿತು. ಒಂದು ಗಿಟಾರಿಗೆ ಅರ್ಧ ನಿಮಿಷ ಸಾಕು. ಹನ್ನೆರಡು ಗಿಟಾರಿಗೆ ಆರು ನಿಮಿಷ. ಆ ಆರು ನಿಮಿಷದ ಕೆಲಸವನ್ನು ನಾನು ಅರ್ಧ ನಿಮಿಷಕ್ಕೇ ನಿಲ್ಲಿಸಿದೆ.

ರೇಷ್ಮೆಗೂಡಿನ ಬೆಲೆ ಏರುತ್ತಲೇ ಹೋದ ವರ್ಷ ಅದು. ರಾಮನಗರದ ಬೀದಿಗಳಲ್ಲಿ ಮನೆಗಳ ಮೇಲೆ ಎರಡನೆಯ ಮಹಡಿ ಎದ್ದವು. ನಾನು ಸಂಗೀತ ಕಲಿಸುತ್ತಿದ್ದ ಖಾಸಗಿ ಶಾಲೆಯಲ್ಲೂ ಗಿಟಾರ್ ತರಗತಿ ತೆರೆಯಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಮಂಡಳಿಯ ಕಾರ್ಯದರ್ಶಿಗಳು ನೂಲು ಬಿಚ್ಚಾಣಿಕೆ ಘಟಕದ ಮಾಲೀಕರು. ಬೆಳಿಗ್ಗೆ ಗೂಡಿನ ಮಾರುಕಟ್ಟೆ, ಮಧ್ಯಾಹ್ನ ಘಟಕ, ಸಂಜೆ ಶಾಲೆ. ಇದು ಅವರ ದಿನಚರಿ. ಹನ್ನೆರಡು ಗಿಟಾರ್ ಕೊಳ್ಳುವುದು, ಜೊತೆಗೆ ನರ್ಸರಿ ಮಕ್ಕಳಿಗೆ ಹಾಡು ಕಲಿಸಲು ಒಬ್ಬ ಸಹಾಯಕಿಯನ್ನು ತೆಗೆದುಕೊಳ್ಳುವುದು ಎಂದು ನಿರ್ಧಾರವಾಯಿತು. ಸಹಾಯಕಿಗೆ ಪಿಯುಸಿ ಆಗಿರಬೇಕು. ಗಿಟಾರ್ ನುಡಿಸುತ್ತ ಹಾಡಬೇಕು.

ಆ ನಿರ್ಧಾರದ ಸುತ್ತೋಲೆಯನ್ನು ನಾನು ಮನೆಗೆ ತಂದು ಪಕ್ಕದ ಮನೆಯವಳಿಗೆ ಕೊಟ್ಟೆ.

ನಾನು ಬಾಡಿಗೆಗಿದ್ದ ಕೋಣೆಯ ಗೋಡೆಯಾಚೆಗೇ ಅವಳ ಮನೆ. ನನಗಿಂತ ಎರಡು ವರ್ಷ ಚಿಕ್ಕವಳು. ಪಿಯುಸಿ ಆದ ಮೇಲೆ ಕಾರ್ಯದರ್ಶಿಗಳ ಘಟಕದಲ್ಲೇ ಕೆಲಸ. ಬೆಂದ ಗೂಡುಗಳು ತೇಲುವ ಬಿಸಿನೀರಿನ ಬೇಸಿನ್ ಮುಂದೆ ಕೂತು, ನೀರಿಗೆ ಕೈ ಹಾಕಿ ಎಳೆಯ ತುದಿ ಹುಡುಕಿ, ಎಂಟು ಗೂಡಿನ ಎಳೆಗಳನ್ನು ಸೇರಿಸಿ ಒಂದು ನೂಲಾಗಿ ರಾಟೆಗೆ ಕೊಡುವುದು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಸಂಜೆ ಪಾತ್ರೆ ತೊಳೆಯುತ್ತ ಹಾಡುವುದು ನನಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಶ್ರುತಿ ತಪ್ಪುತ್ತಿರಲಿಲ್ಲ. ನಾನು ಯಾರ ಮನೆಗೂ ಸುಮ್ಮನೆ ಹೋಗುವವಳಲ್ಲ. ಆ ಸುತ್ತೋಲೆ ಇಲ್ಲದಿದ್ದರೆ ಅವಳೊಡನೆ ಮಾತೇ ಆಗುತ್ತಿರಲಿಲ್ಲವೇನೋ.

ಅವಳು ನಿಂತಲ್ಲೇ ಎರಡು ಸಲ ಓದಿದಳು.

"ನಮ್ ಸಾವ್ಕಾರ್ರೆ ಅಲ್ವಾ ಮಿಸ್ ಅಲ್ಲೂ ಇರೋದು?"

"ಹೌದು. ಹೆಡ್ ಮೇಡಮ್ಮೂ ಇರ್ತಾರೆ."

"ಕಲ್ತ್ಕಬೋದಾ ನಾನು? ಎಷ್ಟ್ ದಿನ ಬೇಕು?"

"ನಾಲ್ಕು ತಿಂಗಳು ಸಮಯ ಇದೆ. ದಿನಾ ಕೂತರೆ ಆಗುತ್ತೆ."

"ಕೂತ್ಕತೀನಿ ಬುಡಿ. ಕುಂತ್ಕಂಡೇ ಅಲ್ವಾ ಆರ್ ವರ್ಷ ಬೇಯಿಸ್ಕಂಡಿರೋದು."

ಅವಳು ಅಂಗೈ ತೆರೆದು ತೋರಿಸಿದಳು. ಬೆರಳ ತುದಿಗಳು ಊದಿ, ಚರ್ಮ ಬೆಳ್ಳಗೆ ಸುಕ್ಕಾಗಿ, ಅಲ್ಲಲ್ಲಿ ಸುಲಿದಿತ್ತು. ಆ ಬೇಸಿನ್ನಿನಿಂದ ಎದ್ದು ಬರಲು ಅವಳಿಗೆ ಕಂಡ ಬಾಗಿಲು ಇದೊಂದೇ. ಅದು ನನಗೆ ಮೊದಲ ದಿನವೇ ಗೊತ್ತಿತ್ತು. ಇದನ್ನು ಇಲ್ಲಿಯೇ ಹೇಳಿಬಿಡಬೇಕು.

ಮೊದಲ ಮೂರು ವಾರ ನಾನು ತಪ್ಪು ಕಲಿಸಿದೆ. ನನ್ನ ಗಿಟಾರಿನ ನಟ್ ನಲವತ್ತಮೂರು ಮಿಲಿಮೀಟರು. ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಗಿಟಾರುಗಳ ಅಳತೆಯೇ ಅದು. ಅಲ್ಲಿ ತಂತಿಯಿಂದ ತಂತಿಗೆ ಏಳು ಮಿಲಿಮೀಟರಿಗಿಂತ ತುಸು ಹೆಚ್ಚು ಅಂತರ. ಅವಳು ಮೂರು ಬೆರಳಿಟ್ಟು ಸಿ ಕಾರ್ಡ್, ಎಂದರೆ ಐದು ತಂತಿ ಒಟ್ಟಿಗೆ ನುಡಿಯುವ ಸ್ವರಗುಚ್ಛ, ಹಿಡಿದಾಗ ನಾನು ಒಂದೊಂದೇ ತಂತಿ ಮೀಟಿ ನೋಡುತ್ತಿದ್ದೆ. ಐದರಲ್ಲಿ ಎರಡು ತಂತಿ ಮೊಂಡಾಗಿ 'ಟಪ್' ಎನ್ನುತ್ತಿದ್ದವು. ಮಣಿಕಟ್ಟು ಮುಂದೆ ತಾ ಎಂದೆ, ಉಗುರು ಕತ್ತರಿಸು ಎಂದೆ, ಬೆರಳ ತುದಿಯಲ್ಲೇ ಒತ್ತು ಎಂದೆ. ಅವಳು ಹೇಳಿದಂತೆಯೇ ಮಾಡಿದಳು. ಟಪ್ ಎನ್ನುವುದು ಹೋಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಅವಳಿಗೆ ಕೆಲಸವಿಲ್ಲದ ದಿನ, ಅದೇ ಕಾರ್ಡ್ ಹೆಚ್ಚುಕಡಿಮೆ ಶುದ್ಧವಾಗಿ ಬಂತು. ಸೋಮವಾರ ಸಂಜೆ ಮತ್ತೆ ಕೆಟ್ಟಿತು. ಆಗ ನನಗೆ ಹೊಳೆಯಿತು. ಅವಳ ಅಭ್ಯಾಸದಲ್ಲಿ ದೋಷವಿರಲಿಲ್ಲ. ಹತ್ತು ಗಂಟೆ ನೀರು ಕುಡಿದ ಬೆರಳು ಪಕ್ಕದ ತಂತಿಯನ್ನೂ ಮುಟ್ಟುತ್ತಿತ್ತು, ಅಷ್ಟೆ.

ನಟ್ ಐವತ್ತೆರಡು ಮಿಲಿಮೀಟರ್ ಇರುವ, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರೊಂದನ್ನು ಬಿಡದಿಯ ಪರಿಚಯದವರಿಂದ ಎರಡು ದಿನಕ್ಕೆ ತಂದೆ. ಬೆರಳುಗಳಿಗೆ ಜಾಗ ಸಿಕ್ಕಿತು. ಆದರೆ ಅವಳ ಅಂಗೈ ಚಿಕ್ಕದು. ಹೆಬ್ಬೆರಳು ಕುತ್ತಿಗೆಯ ಹಿಂದೆ ನಿಲ್ಲದೆ ಜಾರಿತು. ಮಣಿಕಟ್ಟು ನೋವಾಗಿ ಅವಳು ಕೈ ಕೊಡವಿದಳು.

"ಇದು ದೊಡ್ಡವ್ರ ಸಾಮಾನು ಮಿಸ್. ನಂಗಲ್ಲ."

ಹಾಗಾದರೆ ಅವಳ ಅಳತೆ ಎರಡರ ನಡುವೆ ಎಲ್ಲೋ ಇರಬೇಕು. ಅಂಥ ಗಿಟಾರುಗಳನ್ನು ಹುಡುಕಿಕೊಂಡು ಊರೂರು ಅಲೆಯುವ ಬದಲು ಮೊದಲು ಅಳತೆ ಗೊತ್ತುಮಾಡಿಕೊಳ್ಳೋಣ ಎಂದು ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಮರದ ಬೊಂಬೆ ಕಡೆಯುವ ಹಿರಿಯರೊಬ್ಬರಿದ್ದರು. ನಾನು ಗಿಟಾರಿನ ಕುತ್ತಿಗೆಯ ಚಿತ್ರ ಬರೆದು ತೋರಿಸಿದೆ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದುಂಡು.

"ತಂತಿ ಇಲ್ಲ, ಬುರುಡೆ ಇಲ್ಲ, ಬರೀ ಕತ್ತು. ಏನ್ ಮಾಡ್ತೀಯವ್ವ ಇದ್ನ ತಕ್ಕಂಡು?"

"ಕೈಯಲ್ಲಿ ಹಿಡಿದು ನೋಡೋದಕ್ಕೆ."

"ವಾದ್ಯಕ್ಕೂ ಹೆಣ್ ನೋಡೋ ಶಾಸ್ತ್ರನಾ," ಎಂದು ನಕ್ಕು ಕೆಲಸ ಶುರುಮಾಡಿದರು. ಹಾಲೆ ಮರದ ತುಂಡನ್ನು ಲೇತಿಗೆ ಕಟ್ಟಿ ಉರುಳೆಯಾಗಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಕೊಟ್ಟು, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸಿದರು. ಆಮೇಲೆ ಉರುಳೆಯನ್ನು ಉದ್ದಕ್ಕೆ ಸೀಳಿದರು. ಒಂದು ಉರುಳೆಯಿಂದ ಎರಡು ಕುತ್ತಿಗೆ. ನಲವತ್ತಮೂರು ಕೆಂಪು, ನಲವತ್ತಾರು ಹಳದಿ, ನಲವತ್ತೆಂಟು ಹಸಿರು. ತುದಿಯಲ್ಲಿ ಆರು ಕಚ್ಚು ಹಾಕಿಸಿ, ಮನೆಗೆ ತಂದು ಹುರಿ ಮಾಡಿದ ರೇಷ್ಮೆಯನ್ನು ತಂತಿಯ ಬದಲು ಬಿಗಿದೆ.

ಪರೀಕ್ಷೆಯನ್ನು ಸಂಜೆ ಆರೂವರೆಗೇ ಇಟ್ಟುಕೊಂಡೆ, ಅವಳು ಘಟಕದಿಂದ ಬಂದ ತಕ್ಷಣ, ಬೆರಳು ಊದಿರುವಾಗಲೇ. ಕಣ್ಣು ಮುಚ್ಚಿಸಿ, ಬಣ್ಣ ಕಾಣದಂತೆ, ಮೂರನ್ನೂ ಅದಲುಬದಲು ಮಾಡಿ ಒಂದೊಂದೇ ಕೊಟ್ಟೆ. ಐದು ಸಂಜೆ ಹೀಗೆ ಮಾಡಿದೆವು. ಐದು ಸಂಜೆಯೂ ಅವಳು ಹಳದಿಯನ್ನೇ ಆರಿಸಿದಳು. ಕೆಂಪಿಗೂ ಹಳದಿಗೂ ತಂತಿಯ ನಡುವಿನ ಅಂತರದಲ್ಲಿ ಅರ್ಧ ಮಿಲಿಮೀಟರಿಗಿಂತ ಕೊಂಚವೇ ಹೆಚ್ಚು ವ್ಯತ್ಯಾಸ.

"ಅಷ್ಟು ಸಣ್ಣದು ಹೇಗೆ ಗೊತ್ತಾಗುತ್ತೆ?" ಎಂದೆ.

"ಎಂಟೆಳೆ ಇರೋ ಕಡೆ ಏಳಾದ್ರೆ ನೀರೊಳ್ಗೇ ಗೊತ್ತಾಯ್ತದೆ ಮಿಸ್. ಇದೇನ್ ಮಹಾ."

ನಾನು ಬೇಡಿಕೆ ಪತ್ರ ಬರೆದೆ: ಅಕೂಸ್ಟಿಕ್ ಗಿಟಾರ್, ಹನ್ನೆರಡು, ಕುತ್ತಿಗೆಯ ಅಗಲ ನಲವತ್ತಾರು ಮಿಲಿಮೀಟರ್. ಬೆಳೆಯುವ ಮಕ್ಕಳಿಗೆ ಅದು ಅನುಕೂಲ ಎಂದು ಕಾರಣ ಕೊಟ್ಟೆ. ಅದು ಸುಳ್ಳಲ್ಲ. ಆದರೆ ಆ ಅಳತೆ ಯಾರ ಕೈಯಿಂದ ಬಂತೆಂದು ಬರೆಯಲಿಲ್ಲ. ಸಹಾಯಕಿಯ ಪರೀಕ್ಷೆ ಶಾಲೆಯ ಗಿಟಾರಿನಲ್ಲೇ ಎಂದು ಹೆಡ್ ಮೇಡಂ ಮೊದಲೇ ಹೇಳಿದ್ದರು. ತಮ್ಮ ಘಟಕದ ಹೆಂಗಸಿಗಾಗಿ ಇಷ್ಟೆಲ್ಲ ಎಂದು ಗೊತ್ತಾದರೆ ಕಾರ್ಯದರ್ಶಿಗಳು ಏನೆನ್ನುವರೋ ಎಂಬ ಅಳುಕಿತ್ತು. ನನ್ನದು ಆಗಿನ್ನೂ ತಾತ್ಕಾಲಿಕ ನೌಕರಿ.

ಬೆಂಗಳೂರಿನ ಅಂಗಡಿಗೆ ಕಾರ್ಯದರ್ಶಿಗಳ ಕಾರಿನಲ್ಲೇ ಹೋದೆವು. ಗೋದಾಮಿನಲ್ಲಿ ಉದ್ದುದ್ದ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅಂಗಡಿಯವರು ಮೇಲಿನ ಪೆಟ್ಟಿಗೆ ಇಳಿಸಲು ಹೋದಾಗ ಕಾರ್ಯದರ್ಶಿಗಳು ತಡೆದರು.

"ತಡೀರಿ. ಮೇಲ್ಗಡೆ ಗೂಡ್ನ ಎಲ್ರೂ ಚಂದಾಗೇ ಇಟ್ಟಿರ್ತಾರೆ. ತಳದಿಂದ ತಗೀರಿ."

ಗೂಡಿನ ಮಾರುಕಟ್ಟೆಯಲ್ಲಿ ಅವರನ್ನು ನಾನು ಒಮ್ಮೆ ನೋಡಿದ್ದೆ. ರೈತ ಸುರಿದ ಗೂಡಿನ ರಾಶಿಯ ಮೇಲ್ಭಾಗವನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ತೋಳು ಮಡಚಿ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ. ಅದು ಗಟ್ಟಿಯಾಗಿದ್ದರೆ ಇಡೀ ಲಾಟು ಗಟ್ಟಿ. ಬೆಲೆ ಒಪ್ಪಿ ವ್ಯಾಪಾರದ ಚೀಟಿ ಆದಮೇಲೆ ಮಾತಿಲ್ಲ. ಆ ಹಿಡಿಯ ಮೇಲೆ ಅವರ ಎರಡನೆಯ ಮಹಡಿ ಎದ್ದಿತ್ತು.

ತಳದ ಪೆಟ್ಟಿಗೆಯನ್ನು ಎಳೆದರು. ಅದರ ಮೂಲೆ ಸವೆದು ಧೂಳು ಹಿಡಿದಿತ್ತು. ಗಿಟಾರ್ ಹೊರಗೆ ಬಂತು. ನಾನು ಕ್ಯಾಲಿಪರ್ ಹಚ್ಚಿದೆ. ನಲವತ್ತಾರು. ಮತ್ತೊಮ್ಮೆ ಹಚ್ಚಿದೆ. ನಲವತ್ತಾರೇ. ಸಿ ಕಾರ್ಡ್ ಹಿಡಿದು ಒಂದೊಂದೇ ತಂತಿ ಮೀಟಿದೆ. ನನ್ನ ಸಣ್ಣ ಬೆರಳುಗಳ ನಡುವೆ ಜಾಗವೋ ಜಾಗ.

"ಸರಿ ಐತಾ ಮೇಡಮ್ಮ?"

"ಸರಿ ಇದೆ ಸಾರ್. ಉಳಿದವನ್ನೂ ಒಂದು ಸಲ…"

"ತಳದ್ದೇ ಹಿಂಗಿರುವಾಗ ಮೇಲಿನ್ದೇನಮ್ಮ? ಮೂವತ್ ವರ್ಷದಿಂದ ನಾನ್ ಮಾಡ್ತಿರೋದು ಇದ್ನೇ."

ಅವರ ಮಾತು ನನಗೆ ಹಿಡಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ನಾನು ಸಂಖ್ಯಾಶಾಸ್ತ್ರದ ಒಂದು ಪತ್ರಿಕೆ ಓದಿದ್ದೆ. ಮಾದರಿ ಎಂದರೇನು ಎಂದು ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅವರು ಅದನ್ನು ಒಂದು ಹಿಡಿಯಲ್ಲಿ ಹೇಳಿದರೆನಿಸಿತು. ಕ್ಯಾಲಿಪರನ್ನು ಚೀಲಕ್ಕೆ ಹಾಕಿದೆ. ಬಿಲ್ಲಿನ ಜೊತೆ ಪರಿಶೀಲನಾ ಪತ್ರ ಬೇಕಿತ್ತು. ಅಲ್ಲೇ ಮೇಜಿನ ಮೇಲೆ ಬರೆದುಕೊಟ್ಟೆ: "ಹನ್ನೆರಡು ಗಿಟಾರುಗಳನ್ನೂ ಪರಿಶೀಲಿಸಿದ್ದೇನೆ. ಕುತ್ತಿಗೆಯ ಅಗಲ ನಲವತ್ತಾರು ಮಿಲಿಮೀಟರ್. ಬೋಧನೆಗೆ ಯೋಗ್ಯವಾಗಿವೆ." ಸಹಿ ಮಾಡಿದೆ.

ಹೊರಡುವಾಗ ಅಂಗಡಿಯವರು ಬಹಳ ಸೌಜನ್ಯದಿಂದ ಹೇಳಿದರು: "ಬಿಚ್ಚಿದ ಪೀಸ್ ನಿಮಗೆ ಕೊಡಲ್ಲ ಸಾರ್, ಡಿಸ್ಪ್ಲೇಗೆ ಇಟ್ಕೋತೀವಿ. ಅದರ ಬದಲು ಸೀಲ್ ಆಗಿರೋದನ್ನೇ ಹಾಕಿಸ್ತೀನಿ." ಕಾರ್ಯದರ್ಶಿಗಳಿಗೆ ಸಂತೋಷವಾಯಿತು. ನನಗೂ ಆಯಿತು.

ಶಾಲೆಯಲ್ಲಿ ಮೊದಲ ಪೆಟ್ಟಿಗೆ ಬಿಚ್ಚಿ ಗಿಟಾರ್ ಕೈಗೆತ್ತಿಕೊಂಡಾಗಲೇ ತಿಳಿಯಿತು. ಅಳೆಯುವ ಅಗತ್ಯವೇ ಇರಲಿಲ್ಲ. ಆದರೂ ಅಳೆದೆ. ಹನ್ನೆರಡನ್ನೂ ಅಳೆದೆ. ಆರೇ ನಿಮಿಷ ಹಿಡಿಯಿತು. ನಲವತ್ತಮೂರು, ನಲವತ್ತಮೂರು, ನಲವತ್ತಮೂರು. ಹೊರಗಿನ ಹೆಸರು, ಬಣ್ಣ, ಆಕಾರ ಎಲ್ಲ ಒಂದೇ. ಕುತ್ತಿಗೆ ಮಾತ್ರ ಬೇರೆ.

ಅಂಗಡಿಗೆ ಫೋನ್ ಮಾಡಿದೆ.

"ಓ, ಅದಾ ಮೇಡಂ. ತಳದಲ್ಲಿದ್ದದ್ದು ಹಳೇ ಸ್ಟಾಕು. ಕಂಪನಿ ಆಮೇಲೆ ಕುತ್ತಿಗೆ ಸಣ್ಣ ಮಾಡ್ತು. ಅದೊಂದೇ ಉಳಿದಿತ್ತು."

"ಅದನ್ನು ನನಗೆ ಎತ್ತಿಡಿ. ನಾನೇ ಕೊಂಡುಕೊಳ್ತೀನಿ."

"ಅಯ್ಯೋ, ನಿನ್ನೆ ಸಂಜೆ ಹೋಯ್ತಲ್ಲ ಮೇಡಂ."

ಗೂಡಿನ ರಾಶಿಯಲ್ಲಿ ತಳಕ್ಕೆ ಹೋಗುವುದು ಬಚ್ಚಿಟ್ಟ ಕಳಪೆ ಮಾಲು. ಗೋದಾಮಿನಲ್ಲಿ ತಳಕ್ಕೆ ಹೋಗುವುದು ಹಳೆಯದು. ಈ ವ್ಯತ್ಯಾಸ ಕಾರ್ಯದರ್ಶಿಗಳಿಗೆ ಗೊತ್ತಿರಬೇಕಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

ಅವರ ಬಳಿ ಹೋಗಿ, ಬಂದಿರುವ ಗಿಟಾರುಗಳು ಅಂಗಡಿಯಲ್ಲಿ ನೋಡಿದ್ದಕ್ಕಿಂತ ಸ್ವಲ್ಪ ಕಿರಿದಾಗಿವೆ, ಬದಲಾಯಿಸಬಹುದೇ ಎಂದು ಕೇಳಿದೆ. 'ಸ್ವಲ್ಪ' ಎಂಬ ಪದವನ್ನು ನಾನೇ ಸೇರಿಸಿದ್ದು.

"ಎಷ್ಟು?"

"ಮೂರು ಮಿಲಿಮೀಟರ್."

ಅವರು ಹೆಬ್ಬೆರಳು ತೋರುಬೆರಳನ್ನು ಹತ್ತಿರ ತಂದು, ಆ ಸಂದಿಯಲ್ಲಿ ನನ್ನನ್ನು ನೋಡಿದರು.

"ಇಷ್ಟಕ್ಕಾ? ಚೀಟಿ ಆದ್ಮೇಲೆ ಗೂಡ್ ವಾಪಸ್ ಕೊಡೋಕಾಯ್ತದಾ ಮೇಡಮ್ಮ? ನಗ್ತಾರೆ. ಮಕ್ಳು ಒಸಿ ದಿನ ನುಡಿಸ್ಲಿ, ಒಗ್ಗೋಯ್ತದೆ."

ಮಕ್ಕಳಿಗೆ ನಿಜವಾಗಿಯೂ ಒಗ್ಗಿತು. ಅವರ ಬೆರಳು ಸಣ್ಣವು. ಹನ್ನೆರಡು ಗಿಟಾರುಗಳಿಂದ ತೊಂದರೆಯಾದದ್ದು ಒಬ್ಬಳಿಗೇ. ಅವಳ ವಿಷಯ ಅಂದು ಬಾಯಿಬಿಟ್ಟು ಹೇಳಬಹುದಿತ್ತು. ನಾನು ಪರಿಶೀಲನಾ ಪತ್ರವನ್ನು ನೆನೆದು ಎದ್ದು ಬಂದೆ.

ಪರೀಕ್ಷೆಗೆ ಆರು ವಾರ ಉಳಿದಿತ್ತು. ಎರಡು ಶನಿವಾರ ಬೆಂಗಳೂರಿನ ಬೇರೆ ಅಂಗಡಿಗಳಲ್ಲಿ ಕ್ಯಾಲಿಪರ್ ಹಿಡಿದು ಅಲೆದೆ. ಸಿಕ್ಕ ಒಂದೇ ಒಂದು ನಲವತ್ತಾರು ಹೊರದೇಶದ್ದು, ನಮ್ಮಿಬ್ಬರ ಕೈಗೂ ಎಟುಕದ್ದು. ಮೂರನೆಯ ಶನಿವಾರ ನಾನು ಅಲೆಯುವುದು ಬಿಟ್ಟು ಲೆಕ್ಕ ಹಾಕಿದೆ. ಕುತ್ತಿಗೆ ಅಗಲವಾಗದಿದ್ದರೆ ತಂತಿ ಕಡಿಮೆಯಾಗಬಹುದು. ದಪ್ಪನೆಯ ಆರನೆಯ ತಂತಿಯನ್ನು ತೆಗೆದು, ಉಳಿದ ಐದನ್ನು ಅದೇ ಅಗಲದಲ್ಲಿ ಹರಡಿದರೆ ತಂತಿಗೂ ತಂತಿಗೂ ಒಂಬತ್ತು ಮಿಲಿಮೀಟರ್ ಸಿಗುತ್ತದೆ. ಸಿ, ಎ ಮೈನರ್, ಡಿ ಯಾವುದಕ್ಕೂ ಆರನೆಯ ತಂತಿ ಬೇಕಿಲ್ಲ. ಜಿ ಕಾರ್ಡಿನ ತಳದ ಸ್ವರವೊಂದು ಹೋಗುತ್ತದೆ. ನರ್ಸರಿ ಹಾಡಿಗೆ ಅದು ಕೊರತೆಯಲ್ಲ.

ಕಾಲೇಜು ದಿನಗಳಿಂದ ನನ್ನ ಜೊತೆಗಿದ್ದ ಗಿಟಾರಿನ ನಟ್ಟಿಗೆ ಪಕ್ಕದಿಂದ ಮೆಲ್ಲಗೆ ತಟ್ಟಿದೆ. ಅಂಟು ಬಿಟ್ಟು ಹೊರಬಂತು. ಚನ್ನಪಟ್ಟಣದ ಹಿರಿಯರು ಬೀಟೆ ಮರದ ಚೂರಿನಲ್ಲಿ ಅದರಷ್ಟೇ ಪಟ್ಟಿ ಮಾಡಿ, ನಾನು ಪೆನ್ಸಿಲಿನಲ್ಲಿ ಗುರುತಿಸಿದ ಐದು ಕಡೆ ಕಚ್ಚು ಹಾಕಿದರು. ಮೊದಲನೆಯದರಲ್ಲಿ ಕಚ್ಚು ಆಳವಾಗಿ ತಂತಿ ಝರ್ ಎಂದಿತು. ಎರಡನೆಯದು ಕೂತಿತು. ತಂತಿಗಳು ಕುತ್ತಿಗೆಯ ಮೇಲೆ ಕೊಂಚ ಓರೆಯಾಗಿ ಹಾದವು. ನೋಡಲು ವಿಚಿತ್ರವಾಗಿತ್ತು.

ಆ ಸಂಜೆ ಅವಳು ಸಿ ಕಾರ್ಡ್ ಹಿಡಿದಳು. ನಾನು ಒಂದೊಂದೇ ತಂತಿ ಮೀಟಿದೆ. ಐದೂ ನುಡಿದವು. ಅವಳು ಮತ್ತೊಮ್ಮೆ ಹಿಡಿದು ತಾನೇ ಮೀಟಿದಳು. ಬಾಗಿಲಿಗೆ ಬಂದು ನಿಂತಿದ್ದ ಅವಳ ತಾಯಿ, "ಅಂತೂ ಕೆಮ್ಮಾದು ನಿಲ್ಲಿಸ್ತಲ್ಲವ್ವ ಅದು," ಎಂದರು.

ಹತ್ತು ಹಾಡು ಕಲಿತಳು. ಕೊನೆಯ ವಾರ ನಾನು ತಿದ್ದುವುದೇ ಇರಲಿಲ್ಲ. ಪರೀಕ್ಷೆಯ ದಿನ ಅವಳು ಇನ್ನೊಬ್ಬ ಅಭ್ಯರ್ಥಿಯ ನಂತರ ಬಂದಳು, ಮಧ್ಯಾಹ್ನದವರೆಗೆ ಬೇಸಿನ್ ಮುಂದೆ ಕೂತು, ನನ್ನ ಗಿಟಾರನ್ನು ಹೆಗಲಿಗೆ ಹಾಕಿಕೊಂಡು. ಸ್ವಂತ ಗಿಟಾರ್ ತರಲು ಹೆಡ್ ಮೇಡಂ ಅವರ ಒಪ್ಪಿಗೆಯನ್ನು ನಾನು ಬೆಳಿಗ್ಗೆ ಕೇಳಿದ್ದೆ. ಅವರು ಬೇರೆ ಕೆಲಸದಲ್ಲಿದ್ದರು, ಹೂಂ ಎಂದಿದ್ದರು. ಎರಡು ಹಾಡು ಮುಗಿದವು. ಕಿಟಕಿಯಲ್ಲಿ ಯುಕೆಜಿ ಮಕ್ಕಳು ಗುಂಪುಗಟ್ಟಿ ಜೊತೆಗೆ ಹಾಡತೊಡಗಿದ್ದವು. ಆಗ ಕಾರ್ಯದರ್ಶಿಗಳು ಮುಂದೆ ಬಾಗಿ ಬೆರಳು ಮಡಚುತ್ತ ಎಣಿಸಿದರು. ನೂಲಿನ ಎಳೆ ಎಣಿಸಿಯೇ ಬದುಕಿದವರು ಅವರು.

"ಏನವ್ವಾ, ಐದೇ ತಂತಿ? ಎಂಟೆಳೆ ಹಾಕೋ ಕಡೆ ಏಳ್ ಹಾಕಿ ರಾಟೆ ತಿರುಗ್ಸೋ ಬುದ್ಧಿನ ಇಲ್ಲಿಗೂ ತಂದ್ಬುಟ್ಟಾ?"

ಅವಳ ಮುಖ ಕೆಂಪಾಯಿತು. ಆದರೂ ಉತ್ತರ ಕೊಟ್ಟಳು. "ನಾನ್ ಯಾವತ್ತೂ ಏಳ್ ಹಾಕಿಲ್ಲ ಸಾವ್ಕಾರ್ರೆ. ಬೆಳ್ಳು ಊದ್ಕತದೆ, ಆರ್ ತಂತಿಗೆ ಜಾಗ ಸಾಲಲ್ಲ. ಅದ್ಕೆ ಮಿಸ್ಸು ಹಿಂಗ್ ಮಾಡ್ಕೊಟ್ರು."

ಹೆಡ್ ಮೇಡಂ ಕಡತ ತೆರೆದು ನನ್ನ ಕಡೆ ತಿರುಗಿದರು. "ಶಾಲೆಯ ಗಿಟಾರಿನಲ್ಲೇ ಅಂತ ನಿಯಮ ಇತ್ತಲ್ಲ. ಅದೂ ಅಗಲವಾದದ್ದೇ ಬೇಕು ಅಂತ ನೀವೇ ಕೇಳಿ ತರಿಸಿದ್ದು. ಹನ್ನೆರಡನ್ನೂ ಪರಿಶೀಲಿಸಿದ್ದೇನೆ, ನಲವತ್ತಾರು ಮಿಲಿಮೀಟರ್ ಅಂತ ಬರೆದಿದ್ದೀರಿ. ಇದು ನಿಮ್ಮ ಸಹಿ ತಾನೇ?"

ಅವಳು ನನ್ನನ್ನು ನೋಡಿದಳು. ಒಂದು ವಾಕ್ಯ ಸಾಕಿತ್ತು: ನಾನು ಒಂದನ್ನೇ ಅಳೆದೆ. ನನ್ನ ಖಾಯಮಾತಿ ಆದೇಶಕ್ಕೆ ಎರಡು ತಿಂಗಳು ಉಳಿದಿತ್ತು.

"ನನ್ನದೇ," ಎಂದೆ. ಅಷ್ಟೇ ಹೇಳಿದೆ.

ಶಾಲೆಯ ಗಿಟಾರೊಂದನ್ನು ತರಿಸಿ ಅವಳ ತೊಡೆಯ ಮೇಲಿಟ್ಟರು. ಮೊದಲ ಕಾರ್ಡಿನಲ್ಲೇ ಎರಡು ತಂತಿ ಟಪ್ ಎಂದವು. ಅವಳು ಬೆರಳು ಸರಿಸಿ ಮತ್ತೆ ಹಿಡಿದಳು. ಕಿಟಕಿಯ ಮಕ್ಕಳು ಹಾಡುವುದು ನಿಲ್ಲಿಸಿದವು. ಅರ್ಧಕ್ಕೆ ಅವಳೇ ಗಿಟಾರನ್ನು ಮೇಜಿನ ಮೇಲಿಟ್ಟು, ಕೈ ಮುಗಿದು ಎದ್ದು ಹೋದಳು. ಇನ್ನೊಬ್ಬ ಅಭ್ಯರ್ಥಿಗೆ ಮೂರೇ ಹಾಡು ಬರುತ್ತಿದ್ದವು. ಕೆಲಸ ಆಕೆಗಾಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಪಕ್ಕದ ಮನೆಯ ಬಾಗಿಲು ಎಂದಿನಂತೆ ಸದ್ದಾಯಿತು.

ಎರಡು ತಿಂಗಳ ನಂತರ ನನ್ನ ಖಾಯಮಾತಿ ಆದೇಶ ಬಂತು. ಆ ವಾರವೇ ಹೆಡ್ ಮೇಡಂ ಅವರಿಗೆ ಪತ್ರ ಬರೆದೆ. ಒಂದೇ ಗಿಟಾರ್ ಅಳೆದದ್ದು, ಅದು ಅಂಗಡಿಯಲ್ಲೇ ಉಳಿದದ್ದು, ಬಂದ ಹನ್ನೆರಡೂ ಕಿರಿದಾಗಿದ್ದದ್ದು, ಪರೀಕ್ಷೆ ನ್ಯಾಯವಾಗಿ ನಡೆಯದಿದ್ದದ್ದು. ಅವರು ಓದಿ ಮಡಚಿ ಕಡತದೊಳಗಿಟ್ಟರು. "ಈಗ ಇದನ್ನೆಲ್ಲ ಕೆದಕಿ ಏನು ಪ್ರಯೋಜನ? ಬಿಡಿ," ಎಂದರು.

ಅಂದು ಸಂಜೆ ಪಕ್ಕದ ಮನೆಗೆ ಹೋದೆ. ಅವಳು ಹೊಸಿಲ ಮೇಲೆ ಕೂತು ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಗಾಳಿಗೆ ಬಡಿಯದಂತೆ ಬಾಗಿಲ ಸಂದಿಗೆ ಆ ಹಳದಿ ಮರದ ಕುತ್ತಿಗೆಯನ್ನು ಸಿಕ್ಕಿಸಿದ್ದರು. ನಾನು ಪತ್ರದ ವಿಷಯ ಹೇಳಿದೆ. ಎಲ್ಲವನ್ನೂ ಬರೆದುಕೊಟ್ಟಿದ್ದೇನೆ, ಏನೂ ಮುಚ್ಚಿಟ್ಟಿಲ್ಲ ಎಂದೆ.

ಅವಳು ಐದೂ ಬೆರಳಿಗೆ ಎಣ್ಣೆ ಹಚ್ಚಿ ಮುಗಿಸಿದಳು.

"ಆವತ್ ಹೇಳಿದ್ರೆ ನಂಗಾಯ್ತಿತ್ತು ಮಿಸ್," ಎಂದಳು. "ಈಗ ಹೇಳಿರೋದು ನಿಮ್ಗೆ."

ಆಮೇಲೆ ಇನ್ನೊಂದು ಕೈಗೆ ಎಣ್ಣೆ ಹಚ್ಚತೊಡಗಿದಳು.